ಗಾಳೆಪ್ಪ ಏಳದ ಭಾನುವಾರ

ನಾನು ಒಂದು ಟಿ.ವಿ. ಈಗಿನವರಂತೆ ಗೋಡೆಗೆ ಅಂಟುವ ಜಾತಿಯವನಲ್ಲ, ಬೆನ್ನುಬ್ಬಿದ ದೊಡ್ಡ ಡಬ್ಬ. ನನ್ನನ್ನು ಜೋಡಿಸಿದವರು ದಿನವಿಡೀ ನಿಂತೇ ಬೆಸುಗೆ ಹಾಕುವ ಹೆಣ್ಣುಮಕ್ಕಳು. ಅವರಲ್ಲಿ ಒಬ್ಬಳ ಮನೆಯಲ್ಲೂ ಟಿ.ವಿ. ಇರಲಿಲ್ಲ. ಹುಟ್ಟಿದ ದಿನವೇ ನಾನು ಕಲಿತ ಪಾಠ ಅದು.

ಮೊದಲು ಹೋದದ್ದು ನಗರಸಭೆಯ ಗುತ್ತಿಗೆದಾರ ಪರ್ವತಗೌಡರ ಮನೆಗೆ. ಎಂಟು ವರ್ಷ ಅವರ ಸೋಫಾದ ಎದುರು ಬಾಳಿದೆ. ತೆಳು ಟಿ.ವಿ. ಬಂದದ್ದೇ ತಡ, ನನ್ನನ್ನು ಪೌರಕಾರ್ಮಿಕರ ಓಣಿಯ ಸಮುದಾಯ ಭವನಕ್ಕೆ ‘ಕೊಡುಗೆ’ ಕೊಟ್ಟರು. ನನಗೆ ಹಾರ, ಅವರಿಗೆ ಶಾಲು, ಪತ್ರಿಕೆಯಲ್ಲಿ ಫೋಟೊ. ಅದರ ಅಂಚಿನಲ್ಲಿ ಅರ್ಧ ಮುಖ ಕಾಣುವವನು ಗಾಳೆಪ್ಪ. ಹದಿನಾಲ್ಕು ವರ್ಷದಿಂದ ಗುತ್ತಿಗೆಯ ಮೇಲೆ ಒಳಚರಂಡಿ ಗುಂಡಿಗೆ ಇಳಿಯುವವನು. ಕ್ರಿಕೆಟ್ ಎಂದರೆ ಅವನಿಗೆ ಪ್ರಾಣ.

ನಮ್ಮನ್ನು ಕಾಯಂ ಮಾಡಿ ಎಂದು ಓಣಿಯವರು ಹನ್ನೊಂದು ದಿನ ಕಸ ಎತ್ತದೆ ಕೂತರು. ಕೊನೆಗೆ ಆದೇಶ ಬಂತು. ಪಟ್ಟಿಗೆ ಸೇರಲು ಕಚೇರಿಯ ಯಂತ್ರಕ್ಕೆ ಹೆಬ್ಬೆಟ್ಟು ಕೊಡಬೇಕು. ಕಡೆಯ ಗಡುವು ಭಾನುವಾರ ಸಂಜೆ ಐದು. ಅದೇ ಭಾನುವಾರ ಭಾರತ ತಂಡದ ಒಂದು ದಿನದ ಫೈನಲ್. ಆ ದಿನಾಂಕ ಬರೆದ ಕೈಗೆ ಪಂದ್ಯದ ಸುದ್ದಿ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ.

ಉಳಿದವರದು ಬೆಳಿಗ್ಗೆಯೇ ಮುಗಿಯಿತು. ಗಾಳೆಪ್ಪನ ಹೆಬ್ಬೆರಳನ್ನು ಮಾತ್ರ ಯಂತ್ರ ಒಪ್ಪಲಿಲ್ಲ. ಚರಂಡಿ ನೀರು ಅವನ ಬೆರಳಿನ ರೇಖೆಗಳನ್ನೇ ತಿಂದುಹಾಕಿತ್ತು. “ಎಣ್ಣಿ ಹಚ್ಚಿ ತಿಕ್ಕೊಂಡು ಸಂಜೀಕ ಬಾ,” ಎಂದು ಗುಮಾಸ್ತ ಕಳಿಸಿದ.

ಎಣ್ಣೆ ಹಚ್ಚಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಗಾಳೆಪ್ಪ ಭವನದ ಹೊಸ್ತಿಲ ಮೇಲೆ ಕೂತ. ಐದೇ ನಿಮಿಷ ನೋಡಿ ಹೋಗುವ ಲೆಕ್ಕ. ಆಗಲೇ ಭಾರತದ ಐದು ವಿಕೆಟ್ ಹೋಗಿದ್ದವು. ಅವನು ಕೂತ ಮೇಲೆ ಬೀಳುವುದು ನಿಂತಿತು. ಬ್ಯಾಟು ಹಿಡಿದ ಇಬ್ಬರೂ ಬೇರು ಬಿಟ್ಟರು.

“ಏ ಗಾಳ್ಯಾ, ಅಲ್ಲೇ ಕುಂದರು! ನೀ ಕುಂತಾಗಿಂದ ಒಂದೂ ಬಿದ್ದಿಲ್ಲ,” ಎಂದ ಗೆಳೆಯ ಮೌಲಪ್ಪ.

“ಆಫೀಸಿಗೆ ಹೋಗೂದೈತ್ಲೇ.”

“ದೇಶಕ್ಕಿಂತ ನಿನ್ನ ಬೆರಳ ದೊಡ್ಡದೇನು? ಎದ್ದಿ ಅಂದ್ರ ಕಾಲ ಮುರಿತೀನಿ ನೋಡು!”

ಎಲ್ಲರೂ ನಕ್ಕರು. ಗಾಳೆಪ್ಪ ನಗಲಿಲ್ಲ. ಅವನ ಮುಖ ನನಗೆ ನೇರವಾಗಿ ಕಾಣುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗುವ ಮನುಷ್ಯ ಅವನು. ಇಂದು ಅವನು ಕೂತರೆ ದೇಶ ಗೆಲ್ಲುತ್ತದಂತೆ! ಜೀವನದಲ್ಲಿ ಮೊದಲ ಸಲ ದೇಶ ಅವನನ್ನು ಬೇಡುತ್ತಿತ್ತು. ಅವನು ನಂಬಿಬಿಟ್ಟ.

ಹೆಂಡತಿ ಹುಲಿಗೆವ್ವ ಹುಡುಕಿಕೊಂಡು ಬಂದಳು. “ನಾಕೂವರಿ ಆತು. ಏಳ್ತಿಯೋ ಇಲ್ಲೋ?”

“ಎರಡ ಓವರ್ ಅಷ್ಟ, ಹುಲಿಗೀ.”

“ಹದಿನಾಕ ವರ್ಷ ನಿನ್ನ ಅರಬಿ ಒಗದೇನಿ. ಆ ವಾಸನಿ ಅದರಾಗ ಆಡೋ ಯಾವ ಮಗಗ ಗೊತ್ತೈತಿ?”

ಅಷ್ಟರಲ್ಲಿ ಚೆಂಡು ಬೌಂಡರಿ ದಾಟಿತು. ಅವಳ ಮಾತು ಕೇಕೆಯಲ್ಲಿ ಮುಳುಗಿತು. ಆ ಗದ್ದಲದ ಅರ್ಧ ನನ್ನ ಬಾಯಿಂದಲೇ ಹೊರಟದ್ದು. ಅವಳು ಸೆರಗು ಕೊಡವಿ ಹೋದಳು.

ಐದು ಗಂಟೆ ಕಳೆಯಿತು. ಗಾಳೆಪ್ಪ ಕದಲಲಿಲ್ಲ. ಆದರೂ ಜೊತೆಯಾಟ ಮುರಿಯಿತು, ಉಳಿದವರು ಉದುರಿದರು, ಭಾರತ ಆರು ರನ್‌ಗಳಿಂದ ಸೋತಿತು. ಮೌಲಪ್ಪ ಅವನತ್ತ ತಿರುಗಿ, “ನೀ ಕಾಲ ಅಲ್ಲಾಡ್ಸಿದಿ,” ಎಂದ. ತಮಾಷೆಗೆ ಅಂದದ್ದಲ್ಲ.

ಗಾಳೆಪ್ಪ ಓಡಿದ. ಕಚೇರಿಗೆ ಬೀಗ ಬಿದ್ದಿತ್ತು. ಪಟ್ಟಿ ಬಂದಾಗ ಅವನ ಹೆಸರಿರಲಿಲ್ಲ.

ಮೂರು ದಿನ ನನ್ನ ಪರದೆಯ ಮೇಲೆ ಕೋಟು ತೊಟ್ಟವರು ದೇಶದ ಸೋಲನ್ನು ಬಿಡಿಸಿಬಿಡಿಸಿ ಅತ್ತರು. ಗುಂಡಿಗೆ ಇಳಿಯುವವನ ಸೋಲಿಗೆ ಒಂದು ನಿಮಿಷವೂ ಸಿಗಲಿಲ್ಲ. ಸೋತ ತಂಡಕ್ಕೆ ಮುಂದಿನ ತಿಂಗಳೇ ಹೊಸ ಸರಣಿ ಇತ್ತು. ಗಾಳೆಪ್ಪನಿಗೆ ಇನ್ನೊಂದು ಭಾನುವಾರ ಇರಲಿಲ್ಲ.

ಈಗ ನಾನು ಗುಜರಿಯಲ್ಲಿದ್ದೇನೆ. ಹೊಟ್ಟೆಯ ತಾಮ್ರ ಕಿತ್ತುಕೊಂಡಿದ್ದಾರೆ. ನನಗೆ ಆಡಲು ಬಾಯಿ ಕೊಟ್ಟರು, ಏನು ಆಡಬೇಕೆಂಬುದನ್ನು ಮಾತ್ರ ಬೇರೆಯವರೇ ಇಟ್ಟುಕೊಂಡರು. “ಏಳು ಗಾಳೆಪ್ಪ” ಎಂಬ ಎರಡು ಮಾತು ನನ್ನಿಂದ ಹೊರಡಲಿಲ್ಲ.

ಇಲ್ಲಿಂದ ರಸ್ತೆ ಕಾಣುತ್ತದೆ. ಇವತ್ತು ಎದುರಿನ ಗುಂಡಿಯ ಮುಚ್ಚಳ ತೆಗೆದಿದ್ದಾರೆ. ಮೇಲೆ ನಿಂತವನ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ಪಂದ್ಯ ನಡೆಯುತ್ತಿದೆ. ಹಗ್ಗದ ಆ ತುದಿಯಿಂದ, ಕತ್ತಲೊಳಗಿಂದ, ಗಾಳೆಪ್ಪನ ದನಿ ಕೇಳುತ್ತಿದೆ:

“ಸ್ಕೋರ್ ಎಷ್ಟಾತಲೇ?”