ಅಕ್ಷರದ ಮಾಮನ ಮೂರು

ಬೀದಿಯಲ್ಲಿ ನೆಟ್ಟಗೆ ನಡೆದು ಬರುತ್ತಿದ್ದ ಮನುಷ್ಯ ಥಟ್ಟನೆ ನಿಂತು, ಕಣ್ಣು ಅರೆಮುಚ್ಚಿ, ಅಂಗಡಿಯ ಫಲಕವೊಂದನ್ನು ಹಳೆಯ ವೈರಿಯಂತೆ ದಿಟ್ಟಿಸಿದರೆ, ಅವರು ನಮ್ಮ ಅಕ್ಷರದ ಮಾಮ ಎಂದು ದೂರದಿಂದಲೇ ಹೇಳಬಹುದು. ಮೊಣಕೈ ಸವೆದ ಕಂದು ಕೋಟು, ಅದರ ಬಲಜೇಬಿನಲ್ಲೊಂದು ಭೂತಗನ್ನಡಿ, ಬಾಯಲ್ಲಿ ಸದಾ "ಒಂದ್ನಿಮಿಷ, ಒಂದ್ನಿಮಿಷ". ಆ ಒಂದು ನಿಮಿಷ ಮುಗಿಯುವಷ್ಟರಲ್ಲಿ ಜೊತೆಗಿದ್ದವರು ಮನೆ ಸೇರಿ ಊಟ ಮುಗಿಸಿರುತ್ತಾರೆ.

ಆರು ವರ್ಷ ತಪಸ್ಸಿನಂತೆ ಕೂತು ಅವರು ಅಚ್ಚಿಗೆಂದು, ಅಂಕಿಗಳೂ ಸೇರಿದ ಒಂದು ಅಕ್ಷರಮಾಲೆಯನ್ನು ರೂಪಿಸಿದರು. ಹಳೆಯ ಸಂಪ್ರದಾಯದ್ದು, ದಪ್ಪ ಮೈಯದು. ಗೆರೆಗಳ ಕೊನೆಗೆ ಪುಟ್ಟ ಪಾದ, ಬಾಗಿದ ತುದಿಗಳಿಗೆ ದುಂಡನೆಯ ಗುಂಡು. ಒಂದೊಂದನ್ನೂ ಗೇಣುದ್ದ ಬರೆದು, ಗೋಡೆಗೆ ಅಂಟಿಸಿ, ಕೋಣೆಯ ಆಚೆ ತುದಿಯಿಂದ ನೋಡಿ ತಿದ್ದುತ್ತಿದ್ದರು. "ಅಕ್ಷರ ಕಾಲೂರಿ ನಿಲ್ಬೇಕಪ್ಪಾ, ಗಾಳಿಗೆ ಹಾರೋ ಹಾಗಿರಬಾರದು" ಎನ್ನುತ್ತಿದ್ದರು. ಪತ್ರಿಕೆಗಳ ತಲೆಬರಹದಲ್ಲಿ, ಬ್ಯಾಂಕಿನ ಬಾಗಿಲ ಮೇಲೆ, ನಿಲ್ದಾಣದ ಗಡಿಯಾರದ ಮುಖದಲ್ಲಿ ಅದು ಗಂಭೀರವಾಗಿ ಕಾಲೂರಿತು. ಕೊನೆಗೆ ಔಷಧ ಕಂಪನಿಯೊಂದು ತನ್ನ ಸೀಸೆಗಳ ಚೀಟಿಗೂ ಅದನ್ನೇ ಆರಿಸಿಕೊಂಡಾಗ ಮಾಮ ಹಿರಿಹಿರಿ ಹಿಗ್ಗಿದರು.

ಮನೆಯಲ್ಲಿದ್ದವರು ಅವರು ಮತ್ತು ಅವರ ಅಕ್ಕ. ಅಕ್ಕನಿಗೆ ಹೃದಯದ ಕಾಯಿಲೆ. ಅದೇ ಕಂಪನಿಯ ಹೊಸ ಔಷಧ ಶುರುವಾದ ಎರಡನೆಯ ದಿನಕ್ಕೇ ಆಕೆಗೆ ತಲೆ ತಿರುಗತೊಡಗಿತು. ಮೂರನೆಯ ಬೆಳಗ್ಗೆ ಆಕೆ ಲೋಟದ ನೀರಿಗೆ ಹನಿ ಹಾಕುವುದನ್ನು ಮಾಮ ನೋಡುತ್ತಿದ್ದರು. ನಾಲ್ಕು, ಐದು, ಆರು.

"ಅಕ್ಕಾ, ಡಾಕ್ಟ್ರು ಮೂರು ಅಂದಿದ್ರಲ್ವಾ?"

"ಅವರಂದಿದ್ದು ಯಾರಿಗೆ ನೆನಪಿದೆ? ಇಲ್ಲಿ ಎಂಟು ಅಂತಿದೆ ನೋಡೋ. ನಿಂದೇ ಅಕ್ಷರ, ನಂಗೆ ಓದೋಕೆ ಬರಲ್ವಾ?"

ಮಾಮ ಭೂತಗನ್ನಡಿ ಹಿಡಿದರು. ಗೇಣುದ್ದವಿದ್ದಾಗ ಅಷ್ಟು ಚೆಂದವಿದ್ದ 3, ಜೋಳದ ಕಾಳಿಗಿಂತ ಚಿಕ್ಕದಾಗುತ್ತಲೇ ಶಾಯಿ ಕುಡಿದು ಊದಿಕೊಂಡು, ಎಡಗಡೆಯ ಎರಡು ಗುಂಡುಗಳೂ ನಡುಗೆರೆಗೆ ತಾಗಿ, 8 ಆಗಿ ಕೂತಿತ್ತು. ಅಷ್ಟು ಸಣ್ಣದಾಗಿ ಅಚ್ಚು ಮಾಡಿಸಿ ಅವರು ಒಮ್ಮೆಯೂ ನೋಡಿರಲಿಲ್ಲ. ಲೋಟದ ನೀರು ಚೆಲ್ಲಿ, ಅಕ್ಕನನ್ನು ಡಾಕ್ಟರ ಬಳಿಗೆ ಕರೆದೊಯ್ದರು.

ಇನ್ನೆರಡು ದಿನ ಕಳೆದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅಕ್ಕನನ್ನು ಅವರಿಗೊಪ್ಪಿಸಿ ಮಾಮ ನೇರ ಕಂಪನಿಗೆ ಓಡಿದರು.

"ಯಾರೂ ದೂರು ಕೊಟ್ಟಿಲ್ವಲ್ಲ ಸಾರ್" ಎಂದರು ಮ್ಯಾನೇಜರು.

"ದೂರು ಕೊಡೋಕೆ ಜನ ಉಳೀಬೇಕಲ್ಲ! ತಪ್ಪು ನಂದೇ ಅಂತ ಬರ್ಕೊಡ್ತೀನಿ, ಸೀಸೆ ವಾಪಸ್ ತರಿಸಿ."

ಬರೆದೂ ಕೊಟ್ಟರು. ಆ ಕಾಗದದ ಸುದ್ದಿ ಹಬ್ಬಿದ ಮೇಲೆ ಅವರ ಅಕ್ಷರಮಾಲೆಯನ್ನು ಯಾರೂ ಕೇಳಲಿಲ್ಲ. ಮೂರರ ತಲೆಯನ್ನು ಚಪ್ಪಟೆ ಮಾಡಿ, ಗುಂಡುಗಳನ್ನು ತೆಗೆದು ಹೊಸದಾಗಿ ಬರೆದರೂ ನೋಡಿದವರಿಲ್ಲ. ಸೀಸೆಗಳು ಮರಳಿ ಬಂದವು, ಹನ್ನೊಂದನ್ನು ಬಿಟ್ಟು.

ಆ ಹನ್ನೊಂದು ಮಾಮನ ಎದೆಯಲ್ಲೇ ಉಳಿದಿವೆ. ಅಕ್ಕ ಈಗಲೂ ಬೆಳಗ್ಗೆ ಹನಿಗಳನ್ನು ಗಟ್ಟಿಯಾಗಿ ಎಣಿಸಿ, "ಮೂರು. ನಿಲ್ಸಿದೆ ಕಣೋ" ಎಂದು ಕೂಗಿ ಹೇಳುತ್ತಾರೆ. ಅದನ್ನು ಕೇಳಿದ ಮೇಲೆಯೇ ಮಾಮ ಕೋಟು ತೊಟ್ಟು, ಆ ಸೀಸೆಗಳನ್ನು ಹುಡುಕುತ್ತಾ ಔಷಧದಂಗಡಿಗಳನ್ನು ಒಂದೊಂದಾಗಿ ಹತ್ತಿಳಿಯಲು ಹೊರಡುತ್ತಾರೆ.

ಕೈಕೆಲಸ ಬಲ್ಲವರಲ್ಲಿ ಇಂಥವರದೊಂದು ಪಂಗಡವಿದೆ. ತಮ್ಮ ಕೆಲಸವನ್ನು ಹೊಗಳಿದವರನ್ನು ಅವರು ಸುಲಭವಾಗಿ ಮರೆಯುತ್ತಾರೆ. ಅದನ್ನು ನಂಬಿದ ಅಪರಿಚಿತರನ್ನು ಮರೆಯಲಾರರು. ನಾವು ಅವರ ಪುಕ್ಕಲುತನಕ್ಕೆ ನಗುತ್ತೇವೆ, ಮತ್ತು ಅವರ ಕಣ್ಣು ದಾಟಿ ಬಂದದ್ದನ್ನು ಎರಡನೆಯ ಸಲ ನೋಡದೆ ಬಾಯಿಗೆ ಹಾಕಿಕೊಳ್ಳುತ್ತೇವೆ.