ಶುಕ್ರವಾರದ ತಪ್ಪೊಪ್ಪಿಗೆ

"ಈ ವಾರವೂ ಕೋಪ ನನ್ನನ್ನ ಗೆದ್ದುಬಿಡ್ತು," ಎಂದು ಕೆಝಿಯಾ ಎದ್ದು ನಿಂತಾಗ ಹಿಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿದರು. "ಶುರುವಾಯ್ತು. ಹಾಲು ಕರೆಯೋ ಹೊತ್ತಿಗೆ ಮನೆ ಸೇರಿದ ಹಾಗೇ ನಾವು."

ಕೇಳಿಸಿತು, ಆದರೂ ಕೆಝಿಯಾ ನಿಲ್ಲಿಸಲಿಲ್ಲ. ಬಾಳೆತೋಟದ ಅಂಚಿನ ಆ ತಗಡಿನ ಚಾವಣಿಯಡಿ ಶುಕ್ರವಾರ ಸೇರುವವರೆಲ್ಲ ತಮ್ಮ ಪಾಪವನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದವರಿಗಾಗಿ ಉಳಿದವರು ಹಾಡಬೇಕು, ನೊಂದವರು ಬಂದು ತಬ್ಬಿಕೊಳ್ಳಬೇಕು. ಹಾಗೆ ಹೇಳಿ ಮುಗಿಸಿದಾಗಲೆಲ್ಲ ಅವಳ ಎದೆ ತೊಳೆದು ಬೋರಲು ಹಾಕಿದ ಪಾತ್ರೆಯಂತಾಗುತ್ತಿತ್ತು.

"ಹಾಲು ತುಂಬೋ ಸೋರೆಬುರುಡೆಗೆ ಸರಿಯಾಗಿ ಹೊಗೆ ಹಿಡಿಸಿರ್ಲಿಲ್ಲ, ಹಾಲು ಕೆಡ್ತು. ಸೊಸೆ ಕೆನ್ನೆಗೆ ಬಾರಿಸಿದೆ. ಯೇಸು ನನಗೆ ನನ್ನ ಪಾಪ ತೋರಿಸ್ದ."

ಚಪ್ಪಾಳೆಯೊಂದಿಗೆ ಹಾಡು ಎದ್ದಿತು. ಕೆಝಿಯಾ ತೋಳು ಚಾಚಿದಳು. ಸೊಸೆ ಕೆಂಬಾಬಜಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ಎರಡು ಚರಣ ಕಾದು ಹಾಡು ತಾನಾಗಿಯೇ ಸೊರಗಿತು.

"ಏಳಮ್ಮ," ಎಂದ ಹಿರಿಯ ಯೋಸಿಯಾ. "ಅತ್ತೆ ಕಾಯ್ತಿದಾರೆ. ಕ್ಷಮಿಸಲ್ವಾ?"

"ಪ್ರತಿ ಶುಕ್ರವಾರ ಕ್ಷಮಿಸಿದೀನಿ ಅಜ್ಜ. ಅತ್ತೆ ಇಲ್ಲಿ ಇಳಿಸಿ ಹಗುರಾಗ್ತಾರೆ, ಶನಿವಾರದಿಂದ ಮತ್ತೆ ಅದೇ." ಅವಳು ತಲೆ ಎತ್ತಲಿಲ್ಲ. "ಮೊನ್ನೆಯಿಂದ ಈ ಎಡಗಿವಿ ಕೇಳಿಸ್ತಿಲ್ಲ. ನಿಮ್ಮ ಹಾಡೂ ಅರ್ಧವೇ ಕೇಳ್ತು."

ಕೆಝಿಯಾಳ ತೋಳು ಹಾಗೇ ಉಳಿಯಿತು. ಕಿವಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಮನೆಯ ದಾರಿಯಲ್ಲಿ ಕೆಂಬಾಬಜಿ ಹಿಂದಿನಿಂದ ಒಂದೇ ಮಾತು ಹೇಳಿದಳು. "ಇನ್ನೊಂದ್ಸಲ ಕೈ ಎತ್ತಿದ್ರೆ ತವರಿಗೆ ಹೋಗ್ತೀನಿ ಅತ್ತೆ. ನಿಮ್ಮ ಮಗ ಎಂಬರಾರ ಪೇಟೆಯಿಂದ ಬರೋವರ್ಗೂ ಕಾಯಲ್ಲ."

ಊರವರೆದುರು ಮಾನ ಕಳೆದದ್ದಲ್ಲದೆ ಈಗ ಬೆದರಿಕೆ ಬೇರೆ! ಕೆಝಿಯಾಳ ಹೊಟ್ಟೆಯಿಂದ ಉರಿಯೆದ್ದು ಮುಂಗೈಗೆ ಇಳಿಯಿತು. ಆ ಉರಿಯ ಪರಿಚಯ ಅವಳಿಗಿತ್ತು. ಕೈಗಳೆರಡನ್ನೂ ಕಂಕುಳಲ್ಲಿ ಅವುಚಿಕೊಂಡು, 'ಕರ್ತನೇ, ಈ ಕೈ ಹಿಡಿದುಕೋ' ಎಂದು ಹೆಜ್ಜೆಹೆಜ್ಜೆಗೂ ಬೇಡಿದಳು. ಹೊಡೆದ ಮೇಲೆ ಮಾಡುತ್ತಿದ್ದ ಪ್ರಾರ್ಥನೆಯನ್ನು ಹೊಡೆಯುವ ಮುಂಚೆ ಮಾಡಿದ್ದು ಅದೇ ಮೊದಲು. ದನದ ಬೇಲಿ ತಲುಪುವಷ್ಟರಲ್ಲಿ ಉರಿ ಇಳಿದಿತ್ತು. ಅವಳಿಗೇ ನಂಬಿಕೆಯಾಗಲಿಲ್ಲ; ಸೊಸೆ ತನ್ನನ್ನು ದಾಟಿ ಒಳಹೋದ ಮೇಲೂ ಬೇಲಿ ಹಿಡಿದು ನಿಂತಿದ್ದಳು.

ಒಳಗೆ ಕೆಂಬಾಬಜಿ ಕುಕ್ಕರಗಾಲಲ್ಲಿ ಕೂತು, ಪುಟ್ಟ ಮಡಕೆಯ ಕೆಂಡಕ್ಕೆ ಹುಲ್ಲು ಹಾಕಿ ಊದುತ್ತಿದ್ದಳು. ಇವತ್ತು ಬುರುಡೆಗೆ ತಾನೇ ಹೊಗೆ ಹಿಡಿಸುತ್ತೇನೆ, ಅವಳು ಕೂತಿರಲಿ ಎಂದುಕೊಂಡಳು ಕೆಝಿಯಾ. ಹೇಗೆ ಹೇಳುವುದೆಂದು ತಿಳಿಯದೆ, ಸೊಸೆಯ ತಲೆಯ ಮೇಲಿನ ಗೂಟದಲ್ಲಿ ತೂಗುತ್ತಿದ್ದ ಬುರುಡೆಗೆ ಸುಮ್ಮನೆ ಕೈ ಎತ್ತಿದಳು.

ಕೆಂಬಾಬಜಿ ಗೋಡೆಗೆ ಮುದುಡಿ, ಎರಡೂ ಅಂಗೈಗಳಿಂದ ಬಲಗಿವಿಯನ್ನು ಮುಚ್ಚಿಕೊಂಡಳು.

ಕೆಝಿಯಾ ನಿಧಾನವಾಗಿ ಕೈ ಇಳಿಸಿದಳು. ಬಾಗಿಲ ತನಕ ಹಿಂದೆ ಸರಿದು ನೆಲಕ್ಕೆ ಕೂತು, ಅವಳಿಗೆ ಕಾಣುವಂತೆ ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟಳು. ಬುರುಡೆ ಗೂಟದಲ್ಲೇ ಇತ್ತು. ಮಡಕೆಯ ಹೊಗೆ ಸುಮ್ಮನೆ ಚಾವಣಿಗೆ ಏರುತ್ತಿತ್ತು.