ಎಡಗಡೆಯ ಅಣಬೆ

ಟಿವಿಯ ಮೇಲೆ ಬಿಸಿಲು ಬಿದ್ದು ಆಟದ ಯಾತ್ರಿಕನ ಕಾಲು ಕಾಣುತ್ತಿಲ್ಲ, ಹುಲ್ಲಿನ ಟೋಪಿ ಮಾತ್ರ ಕಾಣುತ್ತದೆ, ಟೋಪಿಯೊಂದೇ ಎದ್ದು ನಡೆದ ಹಾಗೆ — ಇಲ್ಲ, ನಡೆಯುತ್ತಲೂ ಇಲ್ಲ, ಗೋಡೆಗೆ ಮುಖ ಒತ್ತಿ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದಾನೆ, ಅದು ತನ್ನ ಎಡಗೈಯ ಕೆಲಸ, ಇಕುಯೊಗೆ ಗೊತ್ತು. ಅನ್ನದ ಬಟ್ಟಲು ಹಿಡಿಯುವುದೊಂದನ್ನು ಬಿಟ್ಟು ಈ ಕೈ ಜನ್ಮದಲ್ಲಿ ಏನು ಕಲಿಯಿತು, ಸೂಜಿ ಬಲಗೈಯದು, ಚಾಕು ಬಲಗೈಯದು, ಬುದ್ಧನ ಮುಂದೆ ಗಂಟೆ ತಟ್ಟುವುದೂ ಬಲಗೈಯೇ, ಎಡಗೈ ಸುಮ್ಮನೆ ಜೊತೆಗೆ ಬಂದದ್ದು, ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ. ಈಗ ಅದಕ್ಕೆ ಕೈತುಂಬ ಕೆಲಸ. ಹತಾನೊಸಾನ್ ಬಂದು ಕಿಟಕಿಯ ಪರದೆ ಎಳೆದಳು, ಬಡಾವಣೆಯ ಸಭಾಭವನ ನೋಡಿಕೊಳ್ಳುವವಳು ಅವಳೇ, ಗುರುವಾರದ ಮುದುಕರ ಆಟಕ್ಕೆ ಚಹಾ ಕಾಯಿಸುವವಳೂ ಅವಳೇ, ಒಳ್ಳೆಯ ಹೆಂಗಸು, ಒಳ್ಳೆಯವರಿಗೆ ಇಲ್ಲವೆನ್ನುವುದೇ ಕಷ್ಟ. ಮುಂದಿನ ವಾರದಿಂದ ಈ ಆಟ ಇರುವುದಿಲ್ಲವಂತೆ, ಡೋಲಿನ ಆಟವೊಂದೇ ಸಾಕಂತೆ, ಡೋಲಿಗೆ ಒಂದೇ ಗುಂಡಿ, ಅಂಗೈಯಗಲ, ಕೆಂಪಗೆ, ಬಡಿದರೆ ಆಯಿತು. ಈ ಕಂಟ್ರೋಲರಿಗೆ ಮೇಲೆ ಗುಂಡಿ, ಪಕ್ಕದಲ್ಲಿ ಗುಂಡಿ, ಬೆನ್ನಿಗೂ ಗುಂಡಿ, ನಮ್ಮನೆಯವರೇ ಒದ್ದಾಡ್ತಾರೆ ಇಕುಯೊಸಾನ್, ನಿಮಗ್ಯಾಕೆ ಈ ವಯಸ್ಸಲ್ಲಿ ಈ ಶಿಕ್ಷೆ, ಬೇಕಾದ್ರೆ ಎಡಗಡೆ ನಾನು ಹಿಡ್ಕೋತೀನಿ. ಬೇಡ. ಅಂದದ್ದು ತುಸು ಗಟ್ಟಿಯಾಯಿತೇನೋ, ಅವಳ ಮುಖ ಚಿಕ್ಕದಾಯಿತು, ಆಗಲಿ, ಸಂಜೆ ಭವನದ ಬಾಗಿಲು ಹಾಕುವುದರೊಳಗೆ ಈ ಯಾತ್ರಿಕ ಸೇತುವೆ ದಾಟಬೇಕು, ಬೆಟ್ಟದ ಗುಡಿ ಮುಟ್ಟಬೇಕು, ಆಮೇಲೆ ಯಂತ್ರವನ್ನು ಬೀರುವಿನಲ್ಲಿಡಲಿ, ಬೀದಿಗೇ ಎಸೆಯಲಿ. ಹೊರಟ ಯಾತ್ರೆಯನ್ನು ನಡುದಾರಿಯಲ್ಲಿ ಬಿಡುವವಳಲ್ಲ ಇಕುಯೊ. ಹೊರಟವರು ಇಬ್ಬರು, ನಿಜ. ಮುಟ್ಟುವವಳು ಒಬ್ಬಳು, ಅದೂ ನಿಜ.

ಇಬ್ಬರದೇ ಎಂದುಕೊಂಡಿದ್ದರು, ಮೊದಲ ದಿನ ಈ ಕಂಟ್ರೋಲರನ್ನು ಕೈಗಿತ್ತಾಗ — ಎರಡು ಹಿಡಿ ಇದ್ದವಲ್ಲ, ಎರಡು ಹಿಡಿ ಇದ್ದರೆ ಇಬ್ಬರು ಹಿಡಿಯುವುದಕ್ಕೇ ತಾನೆ, ದೊಡ್ಡ ಪಾತ್ರೆಗೆ ಇರುವ ಹಾಗೆ, ಗಂಡ ಗೆನ್ಸಾಕು ಎಡಗಡೆಯ ಹಿಡಿ ಹಿಡಿದ, ಅವಳು ಬಲಗಡೆಯದು, ಭುಜಕ್ಕೆ ಭುಜ ತಾಗಿಸಿ ಕುಳಿತರು, ನಡೆಸುವವನು ಅವನು, ಸುತ್ತ ನೋಡುವುದು, ಜಿಗಿಯುವುದು ಅವಳದು. ಒಂದೊಂದು ಕಡೆಗೂ ಒಂದೊಂದು ಕಪ್ಪು ಅಣಬೆ, ಹೆಬ್ಬೆರಳಿನಿಂದ ತಳ್ಳುವಂಥದು, ಅಣಬೆ ಎಂದು ಹೆಸರಿಟ್ಟವನೂ ಅವನೇ. ಒಬ್ಬರೇ ಆಡುವಂಥದು ಎಂದು ತಿಳಿಯುವ ಹೊತ್ತಿಗೆ ಅರ್ಧ ಚಳಿಗಾಲ ಕಳೆದಿತ್ತು, ಹತಾನೊಸಾನ್ ಕಂಡೂ ಸುಮ್ಮನಿದ್ದಳು, ಬಾಯಿಬಿಟ್ಟವಳು ನೆರೆಮನೆಯ ತೊಕಿಯೆ, ಅಯ್ಯೋ ನಿಮ್ದು ಒಂದು ಚಡ್ಡಿಗೆ ಇಬ್ರು ಕಾಲು ತೂರ್ಸ್ದಂಗಾಯ್ತಲ್ಲೇ. ಗೆನ್ಸಾಕು ನಗಲಿಲ್ಲ, ಹಿಡಿ ಬಿಡಲೂ ಇಲ್ಲ, ಇಷ್ಟೊಂದು ಗುಂಡಿ ಇಟ್ಟೋನು ಒಂದೇ ತಲೆಗೆ ಅಂತ ಇಟ್ಟಿರಲ್ಲ ಬಿಡು ಅಮ್ಮ. ಅಮ್ಮ, ಅಪ್ಪ ಎಂದೇ ಕರೆದುಕೊಳ್ಳುತ್ತಿದ್ದರು, ಮಗಳು ಸಯೊ ಹುಟ್ಟಿದಾಗ ಶುರುವಾದದ್ದು, ಮೂರು ವರ್ಷದ ಸಯೊ ಜ್ವರದಲ್ಲಿ ಹೋದ ಮೇಲೂ ನಿಲ್ಲಲಿಲ್ಲ, ನಿಲ್ಲಿಸುವುದಾದರೂ ಯಾರು ಮೊದಲು. ಆಟದ ದಾರಿಯುದ್ದಕ್ಕೂ ಜಿಜೊ ಕಲ್ಲುಗಳು, ಸತ್ತ ಮಕ್ಕಳನ್ನು ಕಾಯುವ ಜಿಜೊ, ಕೊರಳಿಗೆ ಕೆಂಪು ಬಟ್ಟೆ, ತಲೆಯ ಮೇಲೆ ಪಾಚಿ, ಮಾಡಿದವರು ಯಾರೋ, ಪ್ರೀತಿಯಿಂದಲೇ ಮಾಡಿದ್ದಾರೆ. ಆ ಕಲ್ಲುಗಳ ಹತ್ತಿರ ಗೆನ್ಸಾಕುವಿನ ಬೆರಳು ಜಾರುತ್ತಿತ್ತು, ಯಾತ್ರಿಕ ಇದ್ದಕ್ಕಿದ್ದಂತೆ ಮಂಡಿಯೂರಿ ಕುಳಿತುಬಿಡುತ್ತಿದ್ದ, ಕಲ್ಲು ಬಂದಲ್ಲಿ ದಾರಿ ಕಿರಿದು, ಕಿರಿದಾದಲ್ಲಿ ಬೆರಳು ಬಿಗಿಯುತ್ತದೆ ಎಂದು ಅವಳ ಲೆಕ್ಕ, ಒತ್ತಬೇಡ ಅಪ್ಪ, ತಳ್ಳು, ಎಷ್ಟು ಸಲ ಹೇಳೋದು, ಗೋಡೆಗೆ ಗಾರೆ ಮೆತ್ತಿದ ಬೆರಳು ನಿಂದು, ಇದಕ್ಕೆಲ್ಲಿ ಬಗ್ಗುತ್ತೆ. ಜಾರ್ತು ಅಮ್ಮ, ಅನ್ನುತ್ತಿದ್ದ. ಪ್ರತಿ ಸಲವೂ ಅಷ್ಟೇ. ಜಾರ್ತು.

ಸೇತುವೆಯ ಈಚೆ ದಡದಲ್ಲಿ ನಿಂತಿದ್ದಾನೆ ಯಾತ್ರಿಕ, ಅಂದು ನಿಂತಲ್ಲೇ, ಇವತ್ತಿಗೆ ಸಾಕು ಅಮ್ಮ, ಎದೆ ಭಾರ, ಎಂದು ಗೆನ್ಸಾಕು ತನ್ನ ಅರ್ಧವನ್ನೂ ಅವಳ ಮಡಿಲಿಗಿಟ್ಟದ್ದು ಇಲ್ಲಿಯೇ. ಅವನು ಹೋದ ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿಯಿತು, ಅವರು ನದಿ ದಾಟಿ ಆಚೆ ದಡ ಸೇರಿದರು ತಾಯಿ, ಇನ್ನು ಅಳಬೇಡಿ ಎಂದರು ಗುಡಿಯ ಗುರುಗಳು, ಅವಳು ತಲೆ ಬಾಗಿಸಿದಳು, ನಂಬಿದಳು, ನಂಬದೆ ಏನು, ಆದರೆ ಯಾವ ಕಾಲಿನಿಂದ ದಾಟಿದ, ಯಾವ ಪುಣ್ಯದ ಬಲದಿಂದ, ಒಂದು ದಿನ ಗುಡಿಯ ಮೆಟ್ಟಿಲು ಹತ್ತಿದವನಲ್ಲ, ಸಯೊಳ ವರ್ಷಾಬ್ದಿಗೆ ಅವಳು ಒಬ್ಬಳೇ ಹೋಗುವಳು, ಹೊರಡುವಾಗ ಅವನು ಗಾರೆಯ ಕರಣೆ ತೊಳೆಯುತ್ತ ಹಿತ್ತಲಲ್ಲಿ ಕೂತಿರುವನು, ಕಲ್ಲಿಗೆ ಕೈ ಮುಗಿದ್ರೆ ಮಗು ವಾಪಸ್ ಬರುತ್ತೇನು, ಒಂದೇ ಸಲ ಅಂದದ್ದು, ಅದೊಂದೇ ಸಲಕ್ಕೆ ಐವತ್ತು ವರ್ಷ ಅವಳು ಮತ್ತೆ ಕರೆಯಲಿಲ್ಲ. ಆದದ್ದಾಯಿತು. ಅವನ ಹೆಸರಿನಲ್ಲಿ ಗುಡಿ ಮುಟ್ಟಿಸುವುದು ತನ್ನ ಪಾಲು, ಬೊಂಬೆಯಾದರೂ ಆಗಲಿ, ಬುದ್ಧನಿಗೆ ಬೊಂಬೆ ಯಾವುದು ಮನುಷ್ಯ ಯಾವುದು. ತಳ್ಳಿದಳು. ಹಲಗೆಗಳು ಅಲುಗುತ್ತವೆ, ಎಡಗೈ ಮುಂದಕ್ಕೆ, ಬಲಗೈ ನೋಟವನ್ನು ನೆಟ್ಟಗೆ ಹಿಡಿಯಬೇಕು, ಎರಡೂ ಒಟ್ಟಿಗೆ, ಒಲೆಯ ಮೇಲಿನ ಸಾರನ್ನೂ ಅಳುವ ಮಗುವನ್ನೂ ಒಟ್ಟಿಗೆ ನೋಡಿದವಳಲ್ಲವೆ — ಬಿದ್ದ. ನೀರಿನಲ್ಲಿ ಟೋಪಿ ತೇಲುತ್ತಿದೆ. ಹಿಂದಿನಿಂದ ತೊಕಿಯೆ, ಗಂಡನ್ನ ಕಳ್ಸಿ ಆಯ್ತು, ಈಗ ಇವನ್ನೂ ಮುಳುಗಿಸ್ತೀಯೇನೇ, ಅಂದಳು, ಅವಳ ಬಾಯಿಯೇ ಹಾಗೆ, ಅದೇ ಬಾಯಿ ಸ್ಮಶಾನದಲ್ಲಿ ಬಿಕ್ಕಿ ಬಿಕ್ಕಿ ಅತ್ತದ್ದು, ಇಕುಯೊ ತಿರುಗದೆ ಹೇಳಿದಳು, ನಿನ್ನ ಡೋಲು ಬಡ್ಕೋ ಹೋಗೆ. ಮತ್ತೆ ಈಚೆ ದಡ. ಮತ್ತೆ ಹಲಗೆ. ಹೆಬ್ಬೆರಳಿನ ಗೆಣ್ಣು ಉರಿಯುತ್ತಿದೆ, ಉರಿಯಲಿ, ಜಪಮಾಲೆಯೂ ಮೊದಮೊದಲು ಬೆರಳಿಗೆ ಸಿಕ್ಕದೆ ಜಾರುತ್ತಿತ್ತು, ಮಣಿ ಜಾಸ್ತಿಯಾಯಿತು, ನಾಲ್ಕು ತೆಗೆದುಹಾಕಿ ಎಂದಳೇ ಅವಳು, ಒಂದು ತಳ್ಳು, ಒಂದು ತಡೆ, ಗಾಳಿ ಬಂದಾಗ ನಿಲ್ಲು, ಗಾಳಿ ಹೋಯಿತು, ನಡೆ — ನೆಲ. ಕಲ್ಲಿನ ನೆಲ, ಆಚೆ ದಡ, ಗೆನ್ಸಾಕು ಕಾಣದ ನೆಲ. ಹತಾನೊಸಾನ್ ಚಹಾದ ತಟ್ಟೆ ಹಿಡಿದು ನಿಂತೇ ಇದ್ದಾಳೆ.

ಗುಡಿಯ ಮೆಟ್ಟಿಲು ಮುಂದೆಯೇ ಇದೆ, ಮೆಟ್ಟಿಲ ಬುಡದಲ್ಲಿ ಸಾಲಾಗಿ ಜಿಜೊಗಳು, ದಾರಿ ಕಿರಿದು, ಈಗ ಬೆರಳು ಬಿಗಿಯುತ್ತದೆ, ಈಗ ಯಾತ್ರಿಕ ಕೂರುತ್ತಾನೆ, ಅವಳಿಗೆ ಅದು ಬೇಕಾಗಿತ್ತು, ಒಂದು ಸಲ ಅವನ ಹಾಗೆಯೇ ಜಾರಲಿ ಎಂದು ಬೆರಳನ್ನು ಅದರ ಪಾಡಿಗೆ ಬಿಟ್ಟಳು. ಯಾತ್ರಿಕ ಕಲ್ಲನ್ನು ದಾಟಿ ಹೋದ. ಹಿಂದಕ್ಕೆ ತಂದಳು, ಮತ್ತೆ ದಾಟಿ ಹೋದ. ಮಧ್ಯಾಹ್ನದಿಂದ ಈ ಬೆರಳು ಜಾರದ ಬಗೆಯಿಲ್ಲ, ಗೋಡೆಗೆ ಹೋಯಿತು, ಹೊಂಡಕ್ಕೆ ಹೋಯಿತು, ಹೊಳೆಗೇ ಹೋಯಿತು, ಮಂಡಿ ಮಾತ್ರ ಒಮ್ಮೆಯೂ ಊರಲಿಲ್ಲ. ಹತಾನೊಸಾನ್, ಇವನು ಕೂರೋದು ಹೇಗೆ. ಅಯ್ಯೋ ಅದಾ, ನಿಮ್ಮ ಅಣಬೆನೇ ಒಂದು ಗುಂಡಿ ಇಕುಯೊಸಾನ್, ಎಡಗಡೆದು, ತಳ್ಳೋದಲ್ಲ, ನೆಟ್ಟಗೆ ಒಳಕ್ಕೆ ಒತ್ಬೇಕು, ಇದರದ್ದು ಮೊದ್ಲಿಂದ್ಲೂ ಬಿಗಿ, ತಾನಾಗೇ ಯಾವತ್ತೂ ಒತ್ಕೊಳ್ಳಲ್ಲ, ನನಗೇ ಕಷ್ಟ. ಒತ್ತಿದಳು. ಕದಲಲಿಲ್ಲ. ಎಡ ಹೆಬ್ಬೆರಳಿನ ಮೇಲೆ ಬಲ ಹೆಬ್ಬೆರಳನ್ನಿಟ್ಟು, ಮೊಣಕೈಯನ್ನು ಪಕ್ಕೆಗೆ ಕೊಟ್ಟು, ಉಸಿರು ಹಿಡಿದು — ಒಳಗೆಲ್ಲೋ ಟಿಕ್ ಎಂದಿತು. ಜಾರಿ ಆಗುವಂಥದಲ್ಲ ಇದು. ಜಾರ್ತು ಅಮ್ಮ. ಬಿದಿರುಮೆಳೆಯ ತಿರುವಿನಲ್ಲಿ. ಜಾರ್ತು. ಮಳೆಯಲ್ಲಿ, ಗದ್ದೆಯ ಬದುವಿನಲ್ಲಿ, ಇನ್ನೇನು ಎದೆ ಹಿಡಿದುಕೊಳ್ಳುವ ದಿನ ಈ ಸೇತುವೆಯ ಈಚೆಗೆ. ಒತ್ತಬೇಡ ಅಪ್ಪ, ಒತ್ತಬೇಡ, ಒತ್ತಬೇಡ — ಟೋಪಿ ಬಾಗಿದೆ, ಎರಡೂ ಮಂಡಿ ನೆಲದಲ್ಲಿವೆ, ಬೆರಳು ತೆಗೆದರೆ ಏಳುತ್ತಾನೇನೋ, ತೆಗೆಯುವುದಿಲ್ಲ, ಮಂಡಿಯೂರಿದ್ದಾನೆ, ಮುಂದೆ ಪುಟ್ಟ ಕಲ್ಲು, ಕೊರಳಲ್ಲಿ ಕೆಂಪು ಬಟ್ಟೆ.